ಕಣದಾಗ ಜೋಡಿ ಕೂಡಬಾರದು

ಮನುಷ್ಯನ ಮೈಯೊಳಗೆ ಸಾಸಿವೆಗಿಂತ ಲಕ್ಷ ಪಟ್ಟು ಸಣ್ಣವಾದ ಎರಡು ವಸ್ತುಗಳು ಒಂದನ್ನೊಂದು ತಬ್ಬಿಕೊಂಡಾಗ ಹೊರಗೆ ‘ಟಕ್’ ಎಂದು ಸಪ್ಪಳ ಬಂದರೆ ಹೇಗಿರುತ್ತದೆ? ನಂಬುವವರು ನಂಬಲಿ, ಬಿಡುವವರು ಬಿಡಲಿ, ಜಮಖಂಡಿಯ ಧರೆಪ್ಪ ವಸ್ತಾದನ ಸೊಂಟದಲ್ಲಿ ಅಂಥ ಸಪ್ಪಳ ದಿನವಿಡೀ ಕೇಳುತ್ತಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು, “ಗಡಿಯಾರ ಕೆಟ್ಟೈತೇನ್ರಿ?” ಎಂದು ಕೇಳಿದರೆ, “ಹೂಂ, ಅರವತ್ತೆಂಟು ವರ್ಷದ ಗಡಿಯಾರ” ಎಂದು ಹೇಳಿ ಆತ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದ.

ಧರೆಪ್ಪ ಸಾಮಾನ್ಯದ ಆಳಲ್ಲ. ಪ್ರಾಯದಲ್ಲಿ ಹೋರಿಯ ಎರಡೂ ಕೊಂಬು ಹಿಡಿದು ಅದರ ಕಿವಿಯಲ್ಲಿ ಒಂದು ಮಾತು ಬೈದರೆ ಹೋರಿ ನಾಚಿಕೊಂಡು ಕುಳಿತುಬಿಡುತ್ತಿತ್ತು. ವಯಸ್ಸಾದ ಮೇಲೆ ಕುಸ್ತಿ ಬಿಟ್ಟು, ಜೋಡಿ ಹಚ್ಚುವ ಕೆಲಸ ಹಿಡಿದ. ಎಲ್ಲೇ ಕುಸ್ತಿಯಿರಲಿ, ಯಾರ ಮೇಲೆ ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವವನು ಆತನೇ. ಒಬ್ಬನ ಹಿಂಗತ್ತು ಒತ್ತಿ ನೋಡುವನು, ಇನ್ನೊಬ್ಬನ ಮಣಿಕಟ್ಟು ಹಿಡಿದು ನೋಡುವನು, ಇಬ್ಬರ ಕೈಯನ್ನೂ ಮೇಲೆತ್ತಿ, “ಇವಗ ಇಂವನ!” ಎಂದು ಕೂಗುವನು. ಒಮ್ಮೆ ಆತ ಹಚ್ಚಿದ ಜೋಡಿ ಎಷ್ಟು ಸರಿಸಮನಾಗಿತ್ತೆಂದರೆ, ಬೆಳಿಗ್ಗೆ ಹಿಡಿದವರು ಸಂಜೆಯಾದರೂ ಬಿಡಲಿಲ್ಲ. ಕೊನೆಗೆ ಇಬ್ಬರನ್ನೂ ಹಿಡಿದ ಪಟ್ಟಿನಲ್ಲೇ ಟ್ರ್ಯಾಕ್ಟರಿಗೆ ಹೇರಿ ಊರಿಗೆ ಕಳಿಸಿದರಂತೆ.

ಇಂಥವನಿಗೆ ಉಚ್ಚೆ ಕಟ್ಟಿತು. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದರು. ಮನೆಗೆ ಬಂದು ಹೆಂಡತಿ ಸಾವಂತ್ರೆವ್ವಳಿಗೆ, “ಹರಳು ಆಗೇತಂತ” ಎಂದ. ಆ ಜಾಗದ ಮಾತನ್ನು ಹೆಂಡತಿಯ ಮುಂದೆ ಆಡುವುದಾದರೂ ಹೇಗೆ? ಮೂರು ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಿ ಸೂಜಿ ಹಾಕಿಸಿಕೊಂಡು ಬರುತ್ತಿದ್ದ. ಗಂಡಸಿನ ಮೈಯಲ್ಲಿ ಊರುವ ರಸವನ್ನೇ ಬತ್ತಿಸುವ ಸೂಜಿ ಅದು. ರಸ ಬತ್ತಿತು, ಅದರ ಜೊತೆಗೆ ಇನ್ನೂ ಏನೇನೋ ಬತ್ತಿತು. ಕುಳಿತಲ್ಲೇ ಮೈ ಉರಿ ಏಳುತ್ತಿತ್ತು. ಕಲ್ಲಿನಂಥ ಎದೆ ನಾದಿದ ಹಿಟ್ಟಿನಂತೆ ಮೆತ್ತಗಾಯಿತು. ಟೀವಿಯಲ್ಲಿ ಸೋಪಿನ ಜಾಹೀರಾತು ಬಂದರೂ ಕಣ್ಣಲ್ಲಿ ನೀರು. ಗರಡಿಯಲ್ಲಿ ಅಂಗಿ ಬಿಚ್ಚುವುದನ್ನು ನಿಲ್ಲಿಸಿದ. ಎರಡು ವರ್ಷ ಹೀಗೆ ಕಳೆದ ಮೇಲೆ, ಅಷ್ಟೆಲ್ಲ ಕಳೆದುಕೊಂಡರೂ ರೋಗ ಮತ್ತೆ ತಲೆಯೆತ್ತಿತು.

ಆಗ ಸಿಕ್ಕವರು ಡಾಕ್ಟರ್ ನಸ್ರೀನ್ ಬಾಗವಾನ. ಆಸ್ಪತ್ರೆಯ ಹಿಂದಿನ ಸಂಶೋಧನಾ ಕಟ್ಟಡದಲ್ಲಿ ಹೊಸ ಔಷಧಿ ಹುಡುಕುತ್ತಿದ್ದವರು. ಧರೆಪ್ಪನಿಗೆ ತಿಳಿಯುವ ಹಾಗೆ ಹೇಳಬೇಕೆಂದು ಮೇಜಿನ ಮೇಲೆ ಎರಡು ಪೆನ್ನು ನಿಲ್ಲಿಸಿ ಶುರು ಮಾಡಿದರು.

“ನೋಡ್ರಿ ಕಾಕಾ, ನಿಮ್ಮ ರೋಗದ ಒಂದೊಂದು ಕಣದಾಗೂ ಪೈಲ್ವಾನರಂಥ ಪ್ರೋಟೀನ್ ಅದಾವು. ಗಂಡಸಿನ ರಸ ಅಂದ್ರ ಅವಕ್ಕ ಬದಾಮಿ ಹಾಲಿದ್ದಂಗ. ಕುಡದ ಕೂಡ್ಲೇ ಜೋಡಿ ಹುಡುಕ್ತಾವು. ಒಬ್ಬ ಇನ್ನೊಬ್ಬನ್ನ ತೆಕ್ಕಿ ಹಾಯ್ತಾನ. ಜೋಡಿ ಆದ್ರ ಮಾತ್ರ ಕಣದ ನಡುಮನಿ ಹೊಕ್ಕು, ‘ಬೆಳೀರಿ, ಬೆಳೀರಿ’ ಅಂತ ಹುಕುಂ ಕೊಡ್ತಾವು.”

“ಹಾಲು ಬಂದ್ ಮಾಡಿದ್ರೆಲ್ಲ?”

“ಮಾಡಿದ್ವಿ. ಕಳ್ಳರು, ಹಾಲಿನ ವಾಸನಿ ಮ್ಯಾಲೇ ಬದುಕಾಕ ಕಲತಾರ. ಅದಕ್ಕ ಈಗ ಹಾಲಿನ ತಂಟೆ ಬಿಟ್ಟು, ಜೋಡೀನ ಬಿಡಸೋ ಗುಳಗಿ ಮಾಡೀವಿ.”

ಗುಳಿಗೆಯ ಜೊತೆಗೆ ಒಂದು ಯಂತ್ರ. ಮಿಣುಕು ಹುಳದ ಬೆಳಕಿನ ಬೀಜವನ್ನು ಎರಡು ಹೋಳು ಮಾಡಿ, ಸೂಜಿಯ ಮೂಲಕ ಆ ಪೈಲ್ವಾನ ಪ್ರೋಟೀನ್‌ಗಳ ಮೈಗೆ ಅಂಟಿಸಿದ್ದರು. ಒಂಟಿಯಾಗಿದ್ದರೆ ಲೆಕ್ಕಕ್ಕೆ ಸಿಗುವ ಬೆಳಕಿಲ್ಲ. ಇಬ್ಬರು ಕೂಡಿದರೆ ಹೋಳಿಗೆ ಹೋಳು ಸೇರಿ ಮಿಣಕ್. ಹೊಟ್ಟೆಯ ಕೆಳಗೆ ಕಟ್ಟಿದ ಅಗಲ ಪಟ್ಟಿ ಆ ಬೆಳಕನ್ನು ಹಿಡಿದು ಸೊಂಟದ ಡಬ್ಬಿಗೆ ಕಳಿಸುತ್ತಿತ್ತು. ಕೋಟಿ ಜೋಡಿಗೆ ಒಂದು ಟಕ್. ಮೊದಲ ದಿನ ತಾಸಿಗೆ ನಾನೂರ ಹನ್ನೆರಡು ಟಕ್ ಎಂದು ಡಬ್ಬಿ ತೋರಿಸಿತು. ಅದು ಸೊನ್ನೆಗೆ ಇಳಿದರೆ ಧರೆಪ್ಪ ಉಳಿದಂತೆ.

ಬಾಗಿಲ ತನಕ ಬಂದು ಡಾಕ್ಟರು ಕೊನೆಯ ಮಾತು ಹೇಳಿದರು: “ಲಕ್ಷ್ಯದಾಗ ಇಡ್ರಿ ಕಾಕಾ. ತೊಂಬತ್ತು ದಿನ. ಕಣದಾಗ ಜೋಡಿ ಕೂಡಬಾರದು. ಎಲ್ಲಾ ಒಂಟಿ ಒಂಟಿ ಇರಬೇಕು. ಅಷ್ಟ ಆದ್ರ ನಾವು ಗೆದ್ವಿ.”

ಡಾಕ್ಟರು ಹೇಳಿದ್ದು ರೋಗದ ಕಣ. ಐವತ್ತು ವರ್ಷ ಕೆಮ್ಮಣ್ಣಿನಲ್ಲಿ ಹೊರಳಾಡಿದ ಧರೆಪ್ಪನಿಗೆ ಇರುವುದು ಒಂದೇ ಕಣ, ಕುಸ್ತಿಯ ಕಣ. ಹುಡುಗನಾಗಿದ್ದಾಗ ಆತನ ಗುರು ಹೇಳುತ್ತಿದ್ದುದೂ ಇಂಥದೇ ಮಾತು. ದೊಡ್ಡ ಕುಸ್ತಿ ಗೊತ್ತಾಯಿತೆಂದರೆ ಪೈಲ್ವಾನ ಮನೆ ಬಿಟ್ಟು ಗರಡಿಯಲ್ಲಿ ಮಲಗಬೇಕು, ಹೆಂಡತಿಯ ಮುಖ ನೋಡಬಾರದು, ವ್ರತವನ್ನು ಬಾಯಿಬಿಟ್ಟು ಯಾರಿಗೂ ಹೇಳಬಾರದು. ಔಷಧಿ ಅಂದ ಮೇಲೆ ಪಥ್ಯ ಇದ್ದೇ ಇರುತ್ತದೆ. ತನಗೆ ಬಂದ ಪಥ್ಯ ಇದು ಎಂದು ಧರೆಪ್ಪ ತಲೆಯಾಡಿಸಿದ. “ಆತ್ರಿ ಡಾಕ್ಟರ್ ಬಾಯಾರ. ಒಂದ ಮಾತು. ಮುರದ್ರ ನಾ ಗಂಡಸಲ್ಲ.”

ಡಾಕ್ಟರು ನಕ್ಕರು. ಎಂಥ ವಿಶ್ವಾಸದ ರೋಗಿ ಎಂದುಕೊಂಡರು.

ಮರುದಿನವೇ ಸಾವಂತ್ರೆವ್ವಳ ಸೀರೆಗಳನ್ನು ಧರೆಪ್ಪ ತಾನೇ ಟ್ರಂಕಿಗೆ ತುಂಬಿದ.

“ರಬಕವಿಗೆ ನಿಮ್ಮಣ್ಣನ ಮನಿಗಿ ಹೋಗಿ ಇರು.”

“ಯಾಕ್ರಿ? ಅಲ್ಲೇನ ಕಾರಣ ಐತಿ?”

“ಕಾರಣ ಇಲ್ಲ. ಹೋಗಿ ಇರು.”

“ನಾ ಏನ ತಪ್ಪು ಮಾಡೀನಿ, ಅದನ್ನರ ಹೇಳ್ರಿ.”

“ತಪ್ಪಿಲ್ಲ ತಡಿಯಿಲ್ಲ. ತೊಂಬತ್ತು ದಿನ ಮಾರಿ ತೋರಸಬ್ಯಾಡ.”

ಮಕ್ಕಳಿಲ್ಲದ ಮನೆ. ನಲವತ್ತೊಂದು ವರ್ಷ ಇಬ್ಬರೇ ಇಬ್ಬರು. ಸಾವಂತ್ರೆವ್ವ ಟ್ರಂಕಿನಿಂದ ಒಂದು ಸೀರೆ ಹೊರತೆಗೆದು, “ಇದು ಹರದೈತಿ, ಇದನ್ನ ಯಾಕ ಇಟ್ರಿ?” ಎಂದಷ್ಟೇ ಹೇಳಿ ಬಸ್ಸು ಹತ್ತಿದಳು. ಬಸ್ಸು ಇಳಿಜಾರು ದಾಟುವವರೆಗೆ ಧರೆಪ್ಪ ಬೇರೆ ಕಡೆ ನೋಡುತ್ತ ನಿಂತ. ವ್ರತ ಶುರುವಾಗಿತ್ತು.

ಧರೆಪ್ಪ ಯಾವ ಕೆಲಸವನ್ನೂ ಅರ್ಧ ಮಾಡುವವನಲ್ಲ. ಹಳೆಯ ಗರಡಿಯ ಹಿಂಭಾಗದ ಕೋಣೆಗೆ ಹಾಸಿಗೆ ಸಾಗಿಸಿದ. ಜೋಡಿ ಹಚ್ಚಲು ಕರೆಯಲು ಬಂದವರನ್ನು ಹಾಗೇ ಕಳಿಸಿದ. ಮುಂಜಾನೆ ಹುಡುಗರು ಕೆಮ್ಮಣ್ಣಿಗಿಳಿದು ಒಬ್ಬರನ್ನೊಬ್ಬರು ಹಿಡಿಯುವ ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿ ಕೂರುವನು. ಚಹಾದಂಗಡಿಯಲ್ಲಿ ಗೆಳೆಯ ಇಮಾಮಸಾಬ ಒಂದು ಚಹಾ ಇಬ್ಬರಿಗೆ ಹಂಚಲು ಹೋದರೆ, “ನನಗ ಬ್ಯಾರೆ ತಾ” ಎಂದು ಬೇರೆ ಬೆಂಚಿನ ಮೇಲೆ ಕೂರುವನು. ಇಮಾಮಸಾಬ ನಾಲ್ಕು ದಿನ ನೋಡಿದ. ಐದನೆಯ ದಿನ, “ನಿನಗ ಸೊಕ್ಕು ಬಂದೈತಿ ವಸ್ತಾದ, ಮುದುಕ ಆದಮ್ಯಾಲ ಸೊಕ್ಕು” ಎಂದು ಎದ್ದು ಹೋದ, ಮತ್ತೆ ಆ ಅಂಗಡಿಗೆ ಬರಲಿಲ್ಲ. ಧರೆಪ್ಪನ ಹುಚ್ಚು ಎಲ್ಲಿಗೆ ಮುಟ್ಟಿತೆಂದರೆ ಎರಡು ಬಾಳೆಹಣ್ಣು ಅಂಟಿಕೊಂಡಿದ್ದರೆ ಒಂದನ್ನು ಎಮ್ಮೆಗೆ ಕೊಟ್ಟು ಇನ್ನೊಂದನ್ನು ತಿನ್ನುತ್ತಿದ್ದ. ಕಾಲಿನ ಜೋಡನ್ನಂತೂ ತೊಡಲೋ ಬಿಡಲೋ ಎಂದು ಒಂದಿಡೀ ಮುಂಜಾನೆ ಯೋಚಿಸಿ, ಕೊನೆಗೆ ಬರಿಗಾಲಲ್ಲಿ ನಡೆದ.

ಟಕ್‌ಗಳು ಇಳಿದವು! ಮುನ್ನೂರು, ನೂರಾ ನಲವತ್ತು, ಅರವತ್ತು. ಗುಳಿಗೆ ತನ್ನ ಕೆಲಸ ಮಾಡುತ್ತಿತ್ತು. ಕೀರ್ತಿ ಮಾತ್ರ ವ್ರತಕ್ಕೆ ಹೋಯಿತು. ಧರೆಪ್ಪ ಇನ್ನಷ್ಟು ಬಿಗಿಯಾದ.

ಮಾತಾಡಲು ಉಳಿದದ್ದು ಡಬ್ಬಿಯೊಂದೇ. “ಇವತ್ತ ಎಲ್ಲಾರೂ ಸುಮ್ಮನ ಅದೀರಲ್ಲ” ಎಂದು ಅದಕ್ಕೆ ಹೇಳುವನು. ಟಕ್. “ಹಾಂ, ನೀ ಒಬ್ಬ ಇನ್ನೂ ಕೇಳವಲ್ಲಿ.” ಮಧ್ಯಾಹ್ನ ಗರಡಿ ಖಾಲಿಯಾದಾಗ ಸಪ್ಪಳಕ್ಕೆ ಕಿವಿಗೊಟ್ಟು ಗಂಟೆಗಟ್ಟಲೆ ಕೂರುತ್ತಿದ್ದ. ಹಾಗೆ ಕೂತು ಕೂತು ಆತನಿಗೆ ಒಂದು ಸಂಗತಿ ಹೊಳೆಯಿತು. ಟಕ್ ಬರುವ ಮುಂಚೆ, ಉಗುರಿನಿಂದ ಕಾಗದ ಕೆರೆದಂತೆ, ಸಣ್ಣಗೆ ‘ಚಿರ್’ ಎಂದು ಒಂದು ಸಪ್ಪಳ. ಚಿರ್, ಆಮೇಲೆ ಟಕ್. ಕೆಲವು ಸಲ ಚಿರ್ ಬಂದು ಟಕ್ ಬರುವುದೇ ಇಲ್ಲ. ಚಿರ್ ಇಲ್ಲದ ಟಕ್ ಮಾತ್ರ ಒಂದೂ ಇಲ್ಲ.

ನಲವತ್ತೊಂದನೆಯ ದಿನ ಆತ ಗರಡಿಯ ಅಂಗಳದ ಬಿಸಿಲಲ್ಲಿ ಕುಳಿತಿದ್ದ. ಬಾಗಿಲು ಕಿರ್ ಎಂದಿತು. ತಿರುಗಿದರೆ ಸಾವಂತ್ರೆವ್ವ, ಕೈಯಲ್ಲಿ ರೊಟ್ಟಿಯ ಗಂಟು, ಬದನೆಕಾಯಿ ಪಲ್ಯದ ಡಬ್ಬಿ. ಧರೆಪ್ಪ ದಡಕ್ಕನೆ ಎದ್ದ. ಎದ್ದದ್ದೇ ತಡ, ಸೊಂಟದಲ್ಲಿ ಟಕಟಕಟಕಟಕ, ಹಲಗೆ ಬಾರಿಸಿದಂತೆ! ಡಬ್ಬಿಯ ಅಂಕಿ ಮುನ್ನೂರು ದಾಟಿತು.

“ಹೋಗು! ಹೋಗು ಹೊರಗ!” ಎಂದು ಕಿರುಚಿ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡ. ಒಳಗೆ ಹೋದೊಡನೆ ಟಕ್‌ಗಳು ನಿಂತವು. ಇನ್ನೇನು ಸಾಕ್ಷಿ ಬೇಕು?

ಹೊರಗೆ ಆಕೆ ಕೇಳಿದಳು: “ನನ್ನ ಕಂಡ್ರ ಅಷ್ಟ ಅಂಜಿಕೇನ್ರಿ?”

ಧರೆಪ್ಪ ಮಾತಾಡಲಿಲ್ಲ. ಮಾತಾಡಿದರೂ ಜೋಡಿಯಾದೀತು ಎಂಬ ಭಯ. ಬಾಗಿಲ ಸಂದಿನಲ್ಲಿ ಆಕೆಯ ನೆರಳು ಸ್ವಲ್ಪ ಹೊತ್ತು ಇತ್ತು, ಆಮೇಲೆ ಇರಲಿಲ್ಲ. ಆಕೆ ಹೋದಳೆಂದು ಖಾತ್ರಿಯಾದ ಮೇಲೆ ಹೊರಗೆ ಬಂದು, ರೊಟ್ಟಿ ಒಂದೊಂದೇ ಬಿಡಿಸಿ ತಿಂದ. ಸೂಜಿಯ ದೆಸೆಯಿಂದಲೋ ಏನೋ, ತಿನ್ನುವಷ್ಟು ಹೊತ್ತೂ ಅತ್ತ.

ಅರವತ್ತು ದಿನವಾಯಿತು. ಟಕ್ ಒಂಬತ್ತಕ್ಕೆ ಬಂದು ನಿಂತಿತು, ಅದರಿಂದ ಕೆಳಗೆ ಇಳಿಯಲಿಲ್ಲ. ಧರೆಪ್ಪ ಮೂರು ದಿನ ಅರೆಹೊಟ್ಟೆಯಲ್ಲಿದ್ದ. ಒಂಬತ್ತು ಒಂಬತ್ತೇ. ತನ್ನ ವ್ರತದಲ್ಲಿ ಎಲ್ಲಿ ತೂತಿದೆ ಎಂದು ತಿಳಿಯದೆ, ಅರವತ್ತಮೂರನೆಯ ದಿನ ಬೆಳಗಾವಿಗೆ ಹೋದ.

ಸಂಶೋಧನಾ ಕಟ್ಟಡದಲ್ಲಿ ಒಂದು ಕೋಣೆಯ ಗೋಡೆಯ ತುಂಬ ಪರದೆಗಳು. ಔಷಧಿ ತೆಗೆದುಕೊಳ್ಳುತ್ತಿದ್ದ ಇಪ್ಪತ್ತಾರು ಜನರ ಡಬ್ಬಿಗಳ ಗೆರೆಗಳು ಅಲ್ಲಿ ಏರಿಳಿಯುತ್ತಿದ್ದವು. ಅವುಗಳನ್ನು ನೋಡಿಕೊಳ್ಳುವ ಇಂಜಿನಿಯರ್ ಅಭಿನಂದನ ಕುರ್ಚಿ ಎಳೆದು ಕೊಟ್ಟ. ಡಾಕ್ಟರ್ ನಸ್ರೀನ್ ಕಣ್ಣುಜ್ಜಿಕೊಳ್ಳುತ್ತ ಬಂದರು.

“ಎಲ್ಲಾರದೂ ಹಂಗ ಆಗೇತಿ ಕಾಕಾ. ಒಂಬತ್ತು, ಹತ್ತು, ಅಲ್ಲೇ ನಿಂತೈತಿ. ಆ ಒಂಬತ್ತ ಸಾಕು, ಮತ್ತ ಬೆಳಿತಾವು. ಗುಳಗಿ ಸೋತೈತಿ.”

“ಆ ಚಿರ್ ಅನ್ನೂದು ಏನ್ರಿ ಬಾಯಾರ?”

“ಯಾವ ಚಿರ್?”

ಅಭಿನಂದನ ನಕ್ಕ. “ಅದು ಯಂತ್ರದ ಗೊರಕಿ ಅಜ್ಜಾರ. ಭಾಳ ಸಣ್ಣ ಬೆಳಕು. ಲೆಕ್ಕದಾಗ ಹಿಡ್ಯಾಂಗಿಲ್ಲ, ಪರದೆ ಮ್ಯಾಲೆ ಬರದಂಗ ಅಳಿಸಿ ಹಾಕೀನಿ.”

“ಗೊರಕಿ ಅಲ್ಲಪಾ. ಗೊರಕಿ ಹೊಡಿಯಾಂವ ಯಾವಾಗ ಬೇಕಾದ್ರೂ ಹೊಡೀತಾನ. ಇದು ಟಕ್ ಅನ್ನೂಕ್ಕಿಂತ ಮುಂಚೇನ ಬರ್ತೈತಿ, ಹಿಂದ ಒಂದೂ ಬಂದಿಲ್ಲ. ನಾ ತಿಂಗಳಾತು ಇದನ್ನ ಬಿಟ್ಟು ಬ್ಯಾರೆ ಮಾತ ಕೇಳಿಲ್ಲ.”

ಡಾಕ್ಟರು ಅಳಿಸಿದ್ದನ್ನು ಮತ್ತೆ ತರಿಸಿದರು. ಪರದೆಯ ಮೇಲೆ ದೊಡ್ಡ ಗೆರೆಗಳ ಪಕ್ಕದಲ್ಲಿ ಇರುವೆಯ ಕಾಲಿನಂಥ ಗೆರೆಗಳು ಮೂಡಿದವು. ಪ್ರತಿ ದೊಡ್ಡದಕ್ಕಿಂತ ಮುಂಚೆ ಒಂದು ಸಣ್ಣದು. ಇಪ್ಪತ್ತಾರು ಜನರದೂ ಹಾಗೆಯೇ.

“ಕುಸ್ತಿಯೊಳಗ ಇದಕ್ಕ ತೊಡಿ ತಟ್ಟೂದು ಅಂತೀವಿ” ಎಂದ ಧರೆಪ್ಪ. “ಎದುರಿನವನ ಮೈ ಮುಟ್ಟೂಕ್ಕಿಂತ ಮೊದಲ ಪೈಲ್ವಾನ ತನ್ನ ತೊಡಿ ತಾನ ತಟಗೋತಾನ. ಮೈ ಬಿಗಿ ಹಿಡೀತಾನ. ತನ್ನನ್ನ ತಾ ಹಿಡಕೊಳ್ಳದಾಂವ ಇನ್ನೊಬ್ಬನ್ನ ಏನ ಹಿಡದಾನು?”

ಡಾಕ್ಟರು ನಿಂತಲ್ಲೇ ಕುರ್ಚಿಗೆ ಕೈ ಊರಿದರು. ಆ ಪ್ರೋಟೀನಿಗೆ ಒಂದು ಉದ್ದ ಬಾಲವಿದೆ. ಹಾಲು ಕುಡಿದ ಕೂಡಲೇ ಅದು ಮಡಚಿಕೊಂಡು ತನ್ನದೇ ಮೈಯನ್ನು ಹಿಡಿಯುತ್ತದೆ, ಆಮೇಲೆ ಜೋಡಿಗೆ ಹೋಗುತ್ತದೆ ಎಂದು ಪ್ರಯೋಗದ ತಟ್ಟೆಯಲ್ಲಿ ಕಂಡವರಿದ್ದರು. ಬದುಕಿರುವ ಮನುಷ್ಯನ ಒಳಗೆ ಯಾರೂ ಕೇಳಿಸಿಕೊಂಡಿರಲಿಲ್ಲ. ಬಾಲದ ಆ ಒಂಟಿ ಹಿಡಿತವನ್ನು ತಪ್ಪಿಸುವ ಇನ್ನೊಂದು ಔಷಧಿಯನ್ನು ಅವರೇ ಮಾಡಿ, ಜೋಡಿ ಬಿಡಿಸಲಿಲ್ಲವೆಂದು ಎರಡು ವರ್ಷದ ಹಿಂದೆ ಫ್ರಿಜ್ಜಿನ ಮೂಲೆಗೆ ಸೇರಿಸಿದ್ದರು.

“ಎರಡೂ ಕೂಡಿಸಿ ಕೊಟ್ರ...” ಎಂದು ತಮ್ಮಷ್ಟಕ್ಕೆ ಅಂದುಕೊಂಡು, “ಕಾಕಾ, ಅದು ಹೆಂಗ ಹಿಡಕೋತೈತಿ, ಸ್ವಲ್ಪ ಮಾಡಿ ತೋರಸ್ರಿ” ಎಂದರು.

ಧರೆಪ್ಪ ಎದ್ದು ನಿಂತ. ಎಡಗೈ ಮಡಚಿದ, ತೊಡೆ ತಟ್ಟಿದ. ಪರದೆಗಳು ಅದುರಿದವು ಎಂದರೆ ಹೆಚ್ಚಾಯಿತು, ಮೇಜಿನ ಮೇಲಿನ ಚಹಾದ ಕಪ್ಪಂತೂ ಅದುರಿತು. “ಇದು ಚಿರ್. ಇನ್ನ ಟಕ್ ಹೆಂಗಂದ್ರ...”

ಅಭಿನಂದನ ಹುರುಪಿನಲ್ಲಿ ಎದ್ದು ಬಂದ. “ನನ್ನ ಹಿಡೀರಿ ಅಜ್ಜಾರ, ನಾ ಬರ್ತೀನಿ ಜೋಡಿಗಿ!”

ಧರೆಪ್ಪ ಹಾವು ಕಂಡವನಂತೆ ಗೋಡೆಗೆ ಹಾರಿದ. “ಮುಟ್ಟಬ್ಯಾಡ! ಜೋಡಿ ಆಗಂಗಿಲ್ಲ! ಬಾಯಾರ, ಇವಗ ಹೇಳ್ರಿ, ತೊಂಬತ್ತು ದಿನ ಮುಗದಿಲ್ಲ!”

“ಏನ ಮುಗದಿಲ್ಲ?”

“ನೀವ ಹೇಳಿದ್ರೆಲ್ಲ. ಕಣದಾಗ ಜೋಡಿ ಕೂಡಬಾರದು, ಒಂಟಿ ಇರಬೇಕು ಅಂತ. ಒಂದ ದಿನ ತಪ್ಪಿಲ್ರಿ ನಾ. ಮನಿಯಾಕೀನೂ ತವರಮನಿಗಿ ಕಳಿಸೀನಿ.”

ಅಭಿನಂದನನಿಗೆ ನಗು ತಡೆಯಲಾಗಲಿಲ್ಲ. ಡಾಕ್ಟರೂ ನಕ್ಕರು, ಆದರೆ ಅರ್ಧಕ್ಕೇ ನಿಲ್ಲಿಸಿದರು.

“ಕಾಕಾ... ನಾ ಹೇಳಿದ್ದು ರೋಗದ ಕಣರಿ. ಮೈಯೊಳಗಿನ ಕಣ. ನೀವು ಮನಿಯಾಗ ಮಂದಿ ಕೂಡ ಇದ್ರ, ಉಂಡ್ರ, ಮಾತಾಡಿದ್ರ ಏನೂ ಆಗೂದಿಲ್ಲ.”

“ಸುಳ್ಳು. ಆಕಿ ಬಂದ ದಿನ ಮುನ್ನೂರ ದಾಟಿತ್ರಿ. ನನ್ನ ಕಿವಿಲೆ ಕೇಳೀನಿ.”

ಅಭಿನಂದನ ಆ ದಿನದ ಗೆರೆ ಹುಡುಕಿ ತೆಗೆದ. ನಲವತ್ತೊಂದನೆಯ ದಿನ, ಮೂರೂ ಹತ್ತು. ಆತ ಮೆಲ್ಲಗೆ ಹೇಳಿದ: “ಇದು ಜೋಡಿ ಅಲ್ರಿ. ಇದರಾಗ ಚಿರ್ ಒಂದೂ ಇಲ್ಲ ನೋಡ್ರಿ. ನೀವು ಗಡಬಡಿಸಿ ಎದ್ದೀರಿ, ಪಟ್ಟಿ ಸರದೈತಿ, ಒಳಗ ಬಿಸಿಲು ಹೊಕ್ಕೈತಿ. ಅದು ಬರೀ ಬಿಸಿಲು.”

ಧರೆಪ್ಪ ಬಹಳ ಹೊತ್ತು ಆ ಗೆರೆಯನ್ನೇ ನೋಡಿದ.

“ಬಿಸಿಲೇನ” ಎಂದ.

ಡಾಕ್ಟರು ಹೊಸ ಔಷಧಿಗೆ ಅನುಮತಿ ಬರಲು ಮೂರು ವಾರ ಬೇಕು, ಬಂದರೂ ಗೆಲ್ಲುತ್ತದೆಂದು ಮಾತು ಕೊಡಲಾಗದು ಎಂದು ಹೇಳುತ್ತಿದ್ದರು. “ತಪ್ಪು ನಂದ ಕಾಕಾ, ಬಿಡಿಸಿ ಹೇಳಬೇಕಿತ್ತು. ಕಾಕೂಗ ನಾ ಫೋನ್ ಮಾಡಿ ತಿಳಿಸ್ಲೇನು?”

“ಬ್ಯಾಡ್ರಿ. ಹೇಳೂದು ನಾ ಹೇಳಬೇಕು.”

ಮಧ್ಯಾಹ್ನ ಇಳಿಯುವ ಹೊತ್ತಿಗೆ ಆತ ರಬಕವಿಯಲ್ಲಿದ್ದ. ಮಗ್ಗದ ಸಪ್ಪಳ ತುಂಬಿದ ಓಣಿಯಲ್ಲಿ ಹೆಂಡತಿಯ ಅಣ್ಣನ ಮನೆ. ಹಿಂದಿನ ಒಂದು ಸಣ್ಣ ಕೋಣೆಯಲ್ಲಿ ಸಾವಂತ್ರೆವ್ವ ನೂಲು ಸುತ್ತುತ್ತ ಕುಳಿತಿದ್ದಳು. ಗಂಡನನ್ನು ಕಂಡು ಕೈ ನಿಲ್ಲಿಸಲಿಲ್ಲ. ಆತ ಹೊಸ್ತಿಲ ಹೊರಗೆ ಕುಳಿತ. ಕುಸ್ತಿಯ ಕಣ, ರೋಗದ ಕಣ, ಗುರುವಿನ ವ್ರತ, ಬಿಸಿಲು, ಎಲ್ಲವನ್ನೂ ಒಂದರ ಮೇಲೊಂದು ಹೇಳಿದ. ಕೊನೆಗೆ ತಲೆ ತಗ್ಗಿಸಿ, “ಹರಳಲ್ಲ ಅದು” ಎಂದ. ಯಾವ ಜಾಗ, ಯಾವ ಸೂಜಿ, ಅದರಿಂದ ತನಗೆ ಏನಾಯಿತು ಎಂಬುದನ್ನೂ ಹೇಳಿದ. ಅಷ್ಟು ಮಾತನ್ನು ಆತ ಹೆಂಡತಿಯ ಮುಂದೆ ನಲವತ್ತೊಂದು ವರ್ಷದಲ್ಲಿ ಆಡಿರಲಿಲ್ಲ.

“ನನಗ ಗೊತ್ತಿತ್ತು” ಎಂದಳು ಸಾವಂತ್ರೆವ್ವ.

“ಯಾರ ಹೇಳಿದ್ರು?”

“ಯಾರ ಹೇಳ್ಬೇಕು? ನಿಮ್ಮ ಧೋತರ ಒಗಿಯಾಕಿ ನಾನ. ದವಾಖಾನಿ ಕಾಗದ ಪಕ್ಕದ ಮನಿ ಹುಡುಗಿ ಕಡೆ ಓದಿಸೀನಿ. ಇವತ್ತ ಹೇಳ್ತಾರ, ನಾಳೆ ಹೇಳ್ತಾರ ಅಂತ ಎರಡು ವರ್ಷ ಕಾಯ್ದೀನಿ. ನೀವು ಟ್ರಂಕ್ ತುಂಬಿದ್ರಿ.”

ಮಗ್ಗಗಳು ಸದ್ದು ಮಾಡುತ್ತಲೇ ಇದ್ದವು. “ಮನಿಗಿ ಹೋಗೂನ ನಡಿ” ಎಂದ ಧರೆಪ್ಪ.

“ಉಂಡೀರೇನು?”

“ಇಲ್ಲ.”

ಆಕೆ ಎದ್ದು ತಾಟಿನಲ್ಲಿ ರೊಟ್ಟಿ, ಹೆಸರುಕಾಳು, ಖಾರ ಹಾಕಿ ಆತನ ಮುಂದಿಟ್ಟಳು. ತನಗೂ ಒಂದು ತಾಟು ಹಾಕಿಕೊಂಡು ಗೋಡೆಯ ಆಚೆ, ಅಡುಗೆಯ ಮೂಲೆಗೆ ಹೋದಳು.

“ಇಲ್ಲೇ ಕುಂಡ್ರು” ಎಂದ ಧರೆಪ್ಪ.

“ಬ್ಯಾಡ್ರಿ” ಎಂದು ಗೋಡೆಯ ಆಚೆಯಿಂದ ಉತ್ತರ ಬಂತು. “ಒಬ್ಬಾಕೀನ ಉಂಡು ಉಂಡು ರೂಢಿ ಆಗೇತಿ. ಮಂದಿ ಮುಂದ ಇಳ್ಯಾಂಗಿಲ್ಲ.”

ಮಂದಿ! ಧರೆಪ್ಪ ತಾಟು ನೋಡುತ್ತ ಕುಳಿತ. ಸೂಜಿ ಶುರುವಾದ ಮೇಲೆ ಆತನ ಊಟ ಎರಡು ರೊಟ್ಟಿಗೆ ಇಳಿದಿತ್ತು. ಎರಡನ್ನೂ ತಿಂದ. ಹೊಟ್ಟೆ ತುಂಬಿತು.

“ಇನ್ನೊಂದು ಹಾಕ್ಲೇನ್ರಿ?”

“ಹಾಕು.”

ಆಕೆ ಬಂದು, ಹಾಕಿ, ಹೋದಳು. ಆತ ಅದನ್ನು ಕಷ್ಟಪಟ್ಟು ಮುಗಿಸಿದ.

“ಇನ್ನೊಂದು?”

“ಹಾಕು.”

ಮತ್ತೆ ಬಂದಳು, ಮತ್ತೆ ಹೋದಳು. ಐದಾಯಿತು, ಆರಾಯಿತು. ಹೋರಿಯನ್ನು ಕೂರಿಸಿದ ಧರೆಪ್ಪ ಏಳನೆಯ ರೊಟ್ಟಿಯ ಮುಂದೆ ಬೆವರುತ್ತಿದ್ದ. ಪ್ರತಿ ಸಲ ಆಕೆ ಬಗ್ಗಿ ಹಾಕುವಾಗ ಬಳೆಯ ಕೈ ಮಾತ್ರ ನೋಡುತ್ತಿದ್ದ. ಮುಖ ನೋಡುವ ಧೈರ್ಯ ಬರಲಿಲ್ಲ. ಏಳೂ ಮುಗಿಯಿತು. ಆಚೆಯಿಂದ ಕೇಳುವ ದನಿ ಬರಲಿಲ್ಲ. ಆತನೇ ಕೂಗಿದ:

“ಇನ್ನೊಂದು ಹಾಕು.”

“ರೊಟ್ಟಿ ಮುಗದಾವ್ರಿ.”

ಧರೆಪ್ಪ ಖಾಲಿ ತಾಟು ಬಿಟ್ಟು ಏಳಲಿಲ್ಲ.

“ಹಿಟ್ಟು ಐತಿ” ಎಂದಳು ಆಕೆ. “ಒಲಿ ಹಚ್ಚಿ ಬಡೀಬೇಕಂದ್ರ ಹೊತ್ತಾಗ್ತೈತಿ. ಕಾಯ್ತೀರೇನು?”

“ಕಾಯ್ತೀನಿ” ಎಂದ ಧರೆಪ್ಪ.